ಮೊದಲ್ನೇ ಕಪ್ಪು ಹೆಣ್ಮಕ್ಳದು ಕಣ್ರಮ್ಮಾ

ಆರ್‌ಸಿಬಿ ಮೊದಲ್ನೇ ಸಲ ಕಪ್ ಗೆದ್ದಿದ್ದು ಯಾವಾಗ ಅಂತ ನಿಮ್ಮ ಮನೆ ಗಂಡಸ್ರನ್ನ ಒಂದು ಮಾತು ಕೇಳಿ ನೋಡಿ. ಎಲ್ರೂ ಒಂದೇ ಉತ್ತರ ಕೊಡ್ತಾರೆ: 2025ರ ಜೂನ್ 3, ಅಹಮದಾಬಾದು, ಪಂಜಾಬ್ ಮೇಲೆ 6 ರನ್ನು, 18 ವರ್ಷ ಕಾದಿದ್ವಿ. ನಮ್ಮನೇಲೂ ಇದೇ ಪಾಠ. ಟೀವಿಯವರೂ ಇದನ್ನೇ ಹೇಳಿದ್ರು, ಪೇಪರ್‌ನವರೂ ಇದನ್ನೇ ಬರೆದ್ರು. ನಾನು ಒಪ್ಪಲ್ಲ. ಅದೇ ಹೆಸರು, ಅದೇ ಕೆಂಪು ಬಟ್ಟೆ ಹಾಕ್ಕೊಂಡು, 2024ರ ಮಾರ್ಚ್ 17ನೇ ತಾರೀಖು ಭಾನುವಾರ ಡೆಲ್ಲಿಯಲ್ಲಿ ನಮ್ಮ ಹೆಣ್ಮಕ್ಳು ಕಪ್ ಎತ್ತಿದ್ರು. ಅದು ಮೊದಲ್ನೇದು. ಗಂಡಸ್ರದು ಎರಡನೇದು. ಲೆಕ್ಕ ಅಂದ್ರೆ ಲೆಕ್ಕ.

ಇದೇನು ದೊಡ್ಡ ವಿಷಯ ಅಂತ ಬರೀತಿದೀಯ ಅಂತ ಕೆಲವರು ಕೇಳ್ಬಹುದು. ಸಾರಿಗೆ ಉಪ್ಪು ಹಾಕೋದ್ ಮರೆತ್ರೆ ಮೂರು ದಿನ ನೆನಪಿಟ್ಕೊಳ್ಳೋ ಮನೆಗಳು, ಒಂದು ಕಪ್ಪನ್ನ ಇಷ್ಟು ಸಲೀಸಾಗಿ ಮರೀತವೆ ಅಂದ್ರೆ ನನ್ಗೆ ಬರೀಲೇಬೇಕು ಅನ್ನಿಸ್ತು.

ನಮ್ಮ ಕೆಜಿಎಫ್ ಬೀದಿಗಳ ಸಂಗತಿ ನಿಮ್ಗೆ ಗೊತ್ತೇ ಐತೆ. ಐಪಿಎಲ್ ಬಂತು ಅಂದ್ರೆ ಬೀದಿ ಎರಡು ಭಾಗ. ತಮಿಳು ಮನೆಗಳಲ್ಲಿ ಹಳದಿ ಬಟ್ಟೆ, ಧೋನಿ ಫೋಟೋ. ನಮ್ಮ ಕಡೆ ಕೆಂಪು. ಬಂಗಾರಪೇಟೆ ಕಡೆ ಹೋದ್ರೆ ತೆಲುಗು ಮಾತಾಡೋ ನೆಂಟರು ಹೈದರಾಬಾದ್ ಅಂತಾರೆ. ಚೆನ್ನೈ ಮೇಲೆ ಮ್ಯಾಚ್ ಇದ್ದ ರಾತ್ರಿ ಎದುರುಮನೆ ಅಕ್ಕನಿಗೂ ನನಗೂ ಮಾತೇ ಇರಲ್ಲ, ಬೆಳಿಗ್ಗೆ ನೀರು ಹಿಡಿಯೋವಾಗ ಸೋತವರ ಬಿಂದಿಗೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತೆ, ಅಷ್ಟೇ. ಆದ್ರೆ ಹೆಂಗಸ್ರ ಲೀಗ್‌ನಲ್ಲಿ ಇರೋದೇ ಐದು ಟೀಮು: ಮುಂಬೈ, ಡೆಲ್ಲಿ, ಗುಜರಾತ್, ಯೂಪಿ, ನಮ್ಮ ಬೆಂಗಳೂರು. ಚೆನ್ನೈನೂ ಇಲ್ಲ, ಹೈದರಾಬಾದೂ ಇಲ್ಲ. ಹಂಗಾಗಿ ಆ ವರ್ಷ ಎದುರುಮನೆ ಅಕ್ಕ ತಾನಾಗೇ ಬಂದು ನಮ್ಮನೆ ಚಾಪೆ ಮೇಲೆ ಕುಂತ್ಕೊಂಡ್ರು. ಇಡೀ ಬೀದಿ ಒಂದೇ ಟೀಮಿನ ಕಡೆ ಇದ್ದಿದ್ದನ್ನ ನಾನು ಮದುವೆಯಾಗಿ ಇಲ್ಲಿಗೆ ಬಂದಮೇಲೆ ನೋಡಿದ್ದು ಅದೊಂದೇ ಸಲ.

2023ರಲ್ಲಿ, ಮೊದಲ್ನೇ ವರ್ಷ, ನಮ್ಮ ಟೀಮು ಶುರೂಲೇ ಐದು ಮ್ಯಾಚು ಸಾಲಾಗಿ ಸೋತಿತ್ತು. ಗಂಡಸ್ರು "ಆರ್‌ಸಿಬಿ ಅಂದ್ರೆ ಇಷ್ಟೇ, ಹೆಂಗಸ್ರಾದ್ರೂ ಬಿಡಲ್ಲ ಆ ಶಾಪ" ಅಂತ ನಗ್ತಿದ್ರು. 2024 ಬಂತು. ಫೆಬ್ರವರಿ 24, ಚಿನ್ನಸ್ವಾಮಿಯಲ್ಲಿ ಯೂಪಿ ಮೇಲೆ ಮೊದಲ್ನೇ ಮ್ಯಾಚು. ಕೈ ಬಿಟ್ಟೇ ಹೋಯ್ತು ಅನ್ನೋ ಹೊತ್ತಿಗೆ ಕೇರಳದ ಆಶಾ ಶೋಭನಾ ಒಂದೇ ಓವರ್‌ನಲ್ಲಿ ಮೂರು ವಿಕೆಟ್ ತೆಗೆದ್ರು. ಒಟ್ಟು ಐದು. 2 ರನ್‌ನಲ್ಲಿ ಗೆದ್ವಿ. ಆಶಾಗೆ ಆಗ 32 ವರ್ಷ, ಇಂಡಿಯಾ ಟೀಮಿಗೆ ಒಂದು ಮ್ಯಾಚೂ ಆಡಿರ್ಲಿಲ್ಲ. 32 ವರ್ಷದ ಹೆಂಗಸಿಗೆ ನಮ್ಮ ಕಡೆ ಏನೇನು ಮಾತು ಕೇಳಿಸ್ತೀವಿ ಅಂತ ನಮಗೇ ಗೊತ್ತು, ಬರೆಯೋದು ಬೇಡ. ಆಯಮ್ಮ ಆ ವಯಸ್ಸಲ್ಲಿ ಚೆಂಡು ತಿರುಗಿಸ್ತಿದ್ರೆ ನಮ್ಮತ್ತೆ "ಯಾರ ಮನೆ ಮಗಳೋ, ಗಟ್ಟಿಗಿತ್ತಿ" ಅಂದ್ರು. ನಮ್ಮತ್ತೆ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅದೇ ವರ್ಷ ಆಶಾ ಇಂಡಿಯಾಗೂ ಆಡಿದ್ರು.

ಎಲಿಸ್ ಪೆರ್ರಿ ಕಾರಿನ ಗಾಜು ಒಡೆದಿದ್ದು ಎಲ್ರೂ ಫೋನಿನಲ್ಲಿ ನೋಡಿದ್ದೀರ. ಬಹುಮಾನಕ್ಕೆ ಅಂತ ಬೌಂಡರಿ ಆಚೆ ನಿಲ್ಲಿಸಿದ್ದ ಕಾರು, ಸಿಕ್ಸರ್ ಹೋಗಿ ಕಿಟಕಿಗೇ ಬಿತ್ತು. ಆಮೇಲೆ ಆ ಒಡೆದ ಗಾಜನ್ನೇ ಚೌಕಟ್ಟು ಹಾಕಿಸಿ ಆಕೆಗೆ ಕೊಟ್ರು. ನಮ್ಮ ಹುಡುಗ್ರು ಒಡೆದ ಗಾಜುಗಳಿಗೆಲ್ಲಾ ಚೌಕಟ್ಟು ಹಾಕ್ಸಿದ್ರೆ ಮನೇಲಿ ಗೋಡೆ ಸಾಲ್ತಿರ್ಲಿಲ್ಲ.

ನನ್ಗೆ ಮರೆಯೋಕಾಗ್ದೇ ಇರೋದು ಗೆದ್ದ ಮ್ಯಾಚಲ್ಲ, ಸೋತಿದ್ದು. ಮಾರ್ಚ್ 10, ಡೆಲ್ಲಿ ಮೇಲೆ. ಬೇಕಾಗಿದ್ದು 182. ಕೊನೇ ಬಾಲ್‌ಗೆ 2 ರನ್ ಬೇಕು. ರಿಚಾ ಘೋಷ್, ಇಪ್ಪತ್ತು ವರ್ಷದ ಹುಡುಗಿ, 51 ಹೊಡೆದು ಅಷ್ಟು ದೂರ ಎಳ್ಕೊಂಡು ಬಂದಿದ್ಲು. ಹೊಡೆದು ಓಡಿದ್ಲು, ರನೌಟ್. ಒಂದೇ ಒಂದು ರನ್‌ನಲ್ಲಿ ಸೋಲು. ಆ ಮಗು ನೆಲದ ಮೇಲೆ ಹಂಗೇ ಮಲಗಿಬಿಟ್ಟು ಅಳ್ತಿತ್ತು. ಎದುರು ಟೀಮಿನವರೇ ಬಂದು ಸಮಾಧಾನ ಮಾಡಿದ್ರು. ನಮ್ಮನೇಲಿ ಯಾರೂ ಎದ್ದು ಟೀವಿ ಆರಿಸ್ಲಿಲ್ಲ. ಮುದ್ದೆ ಆರಿ ಹೋಯ್ತು. ಎದುರುಮನೆ ಅಕ್ಕ ಸೆರಗಲ್ಲಿ ಕಣ್ಣೊರೆಸ್ಕೊಂಡು, "ಎದ್ದೇಳಮ್ಮಾ, ನೀನು ಮಾಡೋದೆಲ್ಲಾ ಮಾಡ್ದೆ" ಅಂತ ಟೀವಿಗೆ ಹೇಳಿದ್ರು, ಪಕ್ಕದ್ಮನೆ ಹುಡುಗಿಗೆ ಹೇಳಿದ ಹಾಗೆ.

ಲೀಗ್‌ನಲ್ಲಿ ಎಂಟು ಮ್ಯಾಚು, ನಾಲ್ಕು ಗೆಲುವು ನಾಲ್ಕು ಸೋಲು. ಪೆರ್ರಿ ಮುಂಬೈ ಮೇಲೆ 15 ರನ್ ಕೊಟ್ಟು ಆರು ವಿಕೆಟ್ ತೆಗೆದಿದ್ದಕ್ಕೆ ಮೂರನೇ ಜಾಗಕ್ಕೆ ಬಂದ್ವಿ. 15ನೇ ತಾರೀಖು ಎಲಿಮಿನೇಟರ್, ಮತ್ತೆ ಅದೇ ಮುಂಬೈ. ನಾವು ಹೊಡೆದಿದ್ದು 135 ಅಷ್ಟೇ, ಅದರಲ್ಲಿ 66 ಪೆರ್ರಿದು. ಹರ್ಮನ್‌ಪ್ರೀತ್ ನಿಂತಿರೋವರ್ಗೂ ಮುಂಬೈದೇ ಮ್ಯಾಚು. ಶ್ರೇಯಾಂಕಾ ಪಾಟೀಲ್ ಆಕೇನ ಔಟ್ ಮಾಡಿದ್ಲು. ಕೊನೇ ಓವರ್‌ಗೆ ಮುಂಬೈಗೆ 12 ಬೇಕಿತ್ತು, ಚೆಂಡು ಕೊಟ್ಟಿದ್ದು ಆಶಾಗೆ. ಸ್ಪಿನ್ನರ್‌ಗೆ ಕೊನೇ ಓವರಾ ಅಂತ ನಮ್ಮೆಜಮಾನ್ರು ತಲೆ ಮೇಲೆ ಕೈ ಇಟ್ಕೊಂಡ್ರು. ಆಶಾ ಕೊಟ್ಟಿದ್ದು ಆರೇ ರನ್ನು.

ಇನ್ನು ಭಾನುವಾರ. ಮಾರ್ಚ್ ಅಂದ್ರೆ ನಮ್ಮ ಕಡೆ ಹುಣಸೆಹಣ್ಣಿನ ಕಾಲ. ಊರಿಂದ ಎರಡು ಮೂಟೆ ಬಂದಿತ್ತು. ಟೀವಿ ಮುಂದೆ ಗೋಣಿತಾಟು ಹಾಸ್ಕೊಂಡು ಅತ್ತೆ, ನಾದಿನಿ, ಎದುರುಮನೆ ಅಕ್ಕ, ನಾನು, ಬೀಜ ಬಿಡಿಸ್ತಾ ಕುಂತ್ವಿ. ಡೆಲ್ಲಿಯವರು ವಿಕೆಟ್ ಇಲ್ದೆ 64. ಶಫಾಲಿ ವರ್ಮಾ ಹೊಡೀತಿದ್ದ ಹೊಡೆತಕ್ಕೆ ಅತ್ತೆ "ಮೂಟೆ ಕಟ್ಟಿ, ಮಲಗೋಣ" ಅಂದ್ರು. ಆಮೇಲೆ ಸೋಫಿ ಮೊಲಿನೂ ಬಂದ್ಲು. ನಾಲ್ಕು ಬಾಲ್‌ನಲ್ಲಿ ಮೂರು ವಿಕೆಟ್. ಶಫಾಲಿ, ಜೆಮಿಮಾ, ಕ್ಯಾಪ್ಸಿ. ಹುಣಸೆಹಣ್ಣಿನ ಕೈಯಲ್ಲೇ ಚಪ್ಪಾಳೆ. ಅಲ್ಲಿಂದ 113ಕ್ಕೆ ಎಲ್ಲಾ ಮುಗೀತು, 49 ರನ್‌ಗೆ ಹತ್ತು ವಿಕೆಟ್ಟು. ಶ್ರೇಯಾಂಕಾ 12 ರನ್ ಕೊಟ್ಟು ನಾಲ್ಕು ತಗೊಂಡ್ಲು. ನಮ್ಮ ಕನ್ನಡದ ಹುಡುಗಿ, ಬೆರಳಿಗೆ ಪೆಟ್ಟಾಗಿ ನಡುವೆ ಎರಡು ಮ್ಯಾಚು ಆಡೋಕೂ ಆಗಿರ್ಲಿಲ್ಲ. ಇಡೀ ಲೀಗ್‌ಗೇ ಜಾಸ್ತಿ ವಿಕೆಟ್ ಅವಳದೇ, 13.

ನಮ್ಮವರು ಹೊಡೆಯೋಕೆ ಬಂದಾಗ ಅವಸರಾನೇ ಇಲ್ಲ. ಸ್ಮೃತಿ 31, ಡಿವೈನ್ 32. ಕೊನೇ ಓವರ್‌ವರ್ಗೂ ಎಳೀತು. ಕಪ್ ಗೆಲ್ಲೋ ಆ ಕೊನೇ ನಾಲ್ಕು ರನ್ನು ಹೊಡೆದಿದ್ದು ಯಾರು ಗೊತ್ತಾ? ರಿಚಾ. ಏಳು ದಿನದ ಹಿಂದೆ ಅದೇ ಊರಲ್ಲಿ, ಅದೇ ಟೀಮಿನ ಎದುರು ನೆಲದ ಮೇಲೆ ಬಿದ್ದು ಅತ್ತಿದ್ದ ಹುಡುಗಿ. ಎದುರುಮನೆ ಅಕ್ಕ ಈ ಸಲ ಏನೂ ಹೇಳ್ಲಿಲ್ಲ, ನನ್ನ ಭುಜಕ್ಕೆ ಒಂದು ಏಟು ಕೊಟ್ರು. ಸೀರೆ ಮೇಲಿನ ಹುಣಸೆ ಕಲೆ ಇನ್ನೂ ಐತೆ.

ಆಮೇಲೆ ಸ್ಮೃತಿ ಮೈಕ್ ಹಿಡ್ಕೊಂಡು, ಇಷ್ಟು ವರ್ಷ "ಈ ಸಲ ಕಪ್ ನಮ್ದೆ" ಅಂತಿದ್ರು, ಈಗ "ಈ ಸಲ ಕಪ್ ನಮ್ದು" ಅಂದ್ರು. ಕನ್ನಡ ಬಾರದ ಆ ಹುಡುಗಿಗೆ 'ನಮ್ದೆ'ಗೂ 'ನಮ್ದು'ಗೂ ಇರೋ ವ್ಯತ್ಯಾಸ ಗೊತ್ತಿತ್ತು. ನಮ್ಮ ಗಂಡಸ್ರಿಗೆ ಗೊತ್ತಾಗ್ಲಿಲ್ಲ ನೋಡಿ, ಅವರು ಮುಂದಿನ ವರ್ಷಾನೂ 'ನಮ್ದೆ' ಅಂತಾನೇ ಕಾಯ್ತಿದ್ರು.

ನ್ಯಾಯವಾಗಿ ಹೇಳ್ಬೇಕಂದ್ರೆ ಗಂಡಸ್ರ ಟೀಮು ಮರೀಲಿಲ್ಲ. ಎರಡೇ ದಿನಕ್ಕೆ ಚಿನ್ನಸ್ವಾಮಿಯಲ್ಲಿ ಕೊಹ್ಲಿ, ಡುಪ್ಲೆಸಿ ಎಲ್ರೂ ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಹೆಣ್ಮಕ್ಳನ್ನ ಮೈದಾನಕ್ಕೆ ಕರ್ಕೊಂಡ್ರು. ಮರ್ತಿದ್ದು ನಾವು, ನೋಡೋರು. ಆ ಭಾನುವಾರ ರಾತ್ರಿ ನಮ್ಮ ಬೀದೀಲಿ ಒಂದು ಪಟಾಕಿ ಹೊಡೀಲಿಲ್ಲ. 2025ರ ಜೂನ್ 3ರ ರಾತ್ರಿ ರಾಬರ್ಟ್‌ಸನ್‌ಪೇಟೆ ಮಲಗ್ಲೇ ಇಲ್ಲ.

ಮಾರನೇ ದಿನ ಏನಾಯ್ತು ಅಂತ ನಾನು ಹೇಳ್ಬೇಕಾಗಿಲ್ಲ. ಮಾರಿಕುಪ್ಪಂ ರೈಲಿನಲ್ಲಿ ಕೆಂಪು ಬಟ್ಟೆ ಹಾಕ್ಕೊಂಡು ನಮ್ಮ ಹುಡುಗ್ರೂ ಹೋಗಿದ್ರು. ಚಿನ್ನಸ್ವಾಮಿ ಗೇಟಿನ ಹತ್ರ ನೂಕುನುಗ್ಗಲಲ್ಲಿ 11 ಜನ ಹೋದ್ರು, ಎಲ್ಲಾ ಚಿಕ್ಕ ವಯಸ್ಸಿನವರು. ನಮ್ಮೋರು ಫೋನ್ ಎತ್ತೋವರ್ಗೂ ಇಲ್ಲಿ ಎಷ್ಟು ಮನೆ ತಾಯಂದಿರು ಬಾಗಿಲಲ್ಲೇ ನಿಂತಿದ್ರು, ನೀವೂ ನೋಡಿದ್ದೀರ. ಆ ಸಂಕಟದ ಮುಂದೆ ಯಾವ ಕಪ್ಪಿನ ಮಾತೂ ಚಿಕ್ಕದೇ. ಆದ್ರೂ ಒಂದು ವಿಷಯ ಹೇಳ್ಬೇಕು, ಯಾರೂ ಹೇಳಿದ್ದು ನಾನು ಕೇಳ್ಲಿಲ್ಲ. ಅದೇ ವರ್ಷ ಹೆಂಗಸ್ರ ವಿಶ್ವಕಪ್ ಮ್ಯಾಚುಗಳು ಬೆಂಗಳೂರಲ್ಲಿ ಆಗ್ಬೇಕಿತ್ತು. ಇದಾದಮೇಲೆ ಅವು ಬೆಂಗಳೂರು ಬಿಟ್ಟು ಹೋದ್ವು, ಕೆಲವು ನವಿ ಮುಂಬೈಗೆ. ನವೆಂಬರ್ 2ನೇ ತಾರೀಖು ಸೌತ್ ಆಫ್ರಿಕಾ ಮೇಲೆ 52 ರನ್‌ನಲ್ಲಿ ಗೆದ್ದು ಹರ್ಮನ್‌ಪ್ರೀತ್, ಸ್ಮೃತಿ, ರಿಚಾ ಕಪ್ ಹಿಡಿದಿದ್ದೂ ಅಲ್ಲೇ. ಬಂಗಾರಪೇಟೆಯಿಂದ ರೈಲು ಹತ್ತಿ ಹೋಗಿ ನೋಡ್ಬಹುದಾಗಿದ್ದ ಮ್ಯಾಚುಗಳು, ನಮ್ಮ ಹುಡುಗೀರ ಕೈ ತಪ್ಪಿದ್ವು. ಗಂಡಸ್ರ ಕಪ್ಪಿನ ಸಂಭ್ರಮಕ್ಕೆ ಬೆಲೆ ಕೊಟ್ಟವರಲ್ಲಿ ಅವರೂ ಸೇರ್ತಾರೆ.

"ಐದು ಟೀಮಿನ ಆಟ, ಬೌಂಡರಿ ಹತ್ರ, ಅದನ್ನ ಇದಕ್ಕೆ ಹೋಲಿಸ್ತೀಯಾ" ಅಂತ ನಮ್ಮೆಜಮಾನ್ರು ವಾದ ಮಾಡ್ತಾರೆ. ಬಹುಮಾನದ ದುಡ್ಡೂ ಹೋಲಿಕೆ ಇಲ್ಲ ಬಿಡಿ, ಅವರಿಗೆ 20 ಕೋಟಿ, ಇವರಿಗೆ 6 ಕೋಟಿ. ಆದ್ರೆ ಹಿರಿಮಗಳು ಡಿಪ್ಲೊಮಾ ಪಾಸಾಗಿ, ಆಮೇಲೆ ಮಗ ಇಂಜಿನಿಯರ್ ಆದ್ರೆ, "ನಮ್ಮನೇಲಿ ಮೊದಲ್ನೇ ಸಲ ಓದಿದ್ದು ಇವನೇ" ಅಂತ ಯಾರಾದ್ರೂ ಅಂತಾರಾ? ಅಂತಾರೆ ಕಣಮ್ಮಾ, ಅಂದಿದ್ದನ್ನ ನಾನೇ ಕೇಳಿದೀನಿ. ಅದಕ್ಕೇ ಈ ಲೆಕ್ಕ ನನ್ಗೆ ಮುಖ್ಯ.

ಈಗ ಕೆಲಸದ ಮಾತು. ನನ್ನ ತಂಗಿ ಮಗಳಿಗೆ ಹನ್ನೆರಡು ವರ್ಷ, ಚಾಂಪಿಯನ್ ರೀಫ್ ಕಡೆ ಮನೆ. (ಊರ ಹೆಸರಲ್ಲೇ ಚಾಂಪಿಯನ್ ಐತೆ, ಯಾರೂ ಗಮನಿಸಲ್ಲ.) ಶ್ರೇಯಾಂಕಾನ ನೋಡಿ ನೋಡಿ ಆಫ್ ಸ್ಪಿನ್ ಹಾಕೋಕೆ ಕಲ್ತವ್ಳೆ. ಸಾಯಂಕಾಲ ಮೈದಾನದಲ್ಲಿ ಹುಡುಗ್ರ ಜೊತೆ ಆಡ್ತಾಳೆ, ಅವರೂ ಸೇರಿಸ್ಕೊಳ್ತಾರೆ. ಆದ್ರೆ ಹೊತ್ತು ಮುಳುಗೋ ವೇಳೆಗೆ ಒಬ್ಬಳೇ ಇರ್ತಾಳೆ ಅಂತ ನನ್ನ ತಂಗಿಗೆ ಭಯ, ನಿಲ್ಲಿಸ್ಬಿಡ್ತೀನಿ ಅಂತಾವ್ಳೆ. ಅವಳ ಭಯ ಸುಳ್ಳಲ್ಲ. ಅದಕ್ಕೇ ನಾವು ಪಾಳಿ ಹಾಕ್ಕೊಂಡಿದೀವಿ, ಐದರಿಂದ ಆರೂವರೆವರ್ಗೂ ಒಬ್ರು ಹೋಗಿ ಕುಂತ್ಕೊಳ್ಳೋದು, ಸೊಪ್ಪು ಬಿಡಿಸೋದಿದ್ರೆ ತಗೊಂಡು ಹೋಗಿ. ಸೋಮವಾರ ನಾನು, ಬುಧವಾರ ನಾದಿನಿ, ಗುರುವಾರ ಎದುರುಮನೆ ಅಕ್ಕ, ಶನಿವಾರ ತಂಗೀನೇ. ಮಂಗಳವಾರ, ಶುಕ್ರವಾರ ಖಾಲಿ ಐತೆ. ಶುಕ್ರವಾರ ಪೂಜೆ ಅಂತ ಗೊತ್ತು, ಮಂಗಳವಾರಕ್ಕಾದ್ರೂ ಯಾರಾದ್ರೂ ಬರ್ತೀರಾ?