ತರಗತಿ ಮುಗಿದ ಮೇಲೆ ಯಾವ ಭಾಷೆ?

ಬೇಸಿಗೆಯಲ್ಲಿ ಒಂದೆರಡು ತಿಂಗಳು ಚೀನಾಕ್ಕೋ ತೈವಾನಿಗೋ ಹೋಗಿ ಚೀನೀ ಭಾಷೆ ಕಲಿತು ಬರುವುದು ನಮ್ಮಂಥ ಐಟಿಯವರಿಗೆ ಈಗ ವಿಚಿತ್ರ ಯೋಚನೆಯೇನಲ್ಲ. ನಾನಿರುವ ಚೆನ್ನೈಯಲ್ಲಿ ಅದಕ್ಕೆ ಕಾರಣ ಕಣ್ಣೆದುರೇ ಇದೆ. ಪಕ್ಕದ ಶ್ರೀಪೆರಂಬದೂರಿನಲ್ಲಿ ತೈವಾನಿನ ಫಾಕ್ಸ್‌ಕಾನ್ ಇದೆ. ಅದೇ ಕಂಪನಿ ನಮ್ಮ ದೇವನಹಳ್ಳಿಗೂ ಬಂದಿದೆ. ಹಾರ್ಡ್‌ವೇರ್ ಜೊತೆ ಕೆಲಸ ಮಾಡುವವರ ವಾರದ ಕಾಲ್‌ನಲ್ಲಿ ಅತ್ತ ಕಡೆ ತೈಪೆಯದೋ ಶೆನ್‌ಝೆನ್‌ನದೋ ಎಂಜಿನಿಯರುಗಳು ಇರುತ್ತಾರೆ. ನಮಗೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ, ಆಮೇಲೆ ಐದು ನಿಮಿಷ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಬೋರ್ಡಿನಲ್ಲಿ ನಿಜವಾಗಿ ಏನು ಕೆಟ್ಟಿದೆ ಎಂಬುದು ಆ ಐದು ನಿಮಿಷದಲ್ಲಿರುತ್ತದೆ. ಅನುವಾದದ ಆ್ಯಪ್ ಇದೆಯಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ.

ಕಷ್ಟ ಇರುವುದು ಯಾವ ಕೋರ್ಸಿಗೆ ಸೇರಬೇಕು ಎನ್ನುವುದರಲ್ಲಿ. ಎಲ್ಲರ ಬ್ರೋಷರ್‌ಗಳೂ ಒಂದೇ ಥರ. ಕುಂಚ ಹಿಡಿದ ವಿದ್ಯಾರ್ಥಿ, ಡಂಪ್ಲಿಂಗ್ ಮಡಿಸುವ ಕೈಗಳು, ಹಿಂದೆ ಒಂದು ದೇವಾಲಯ. ಕಾಲೇಜು ಹುಡುಗರಿಗೆ ಅಷ್ಟು ಸಾಕಾಗಬಹುದು. ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿ, ಶುಲ್ಕ ಮತ್ತು ವಿಮಾನದ ಖರ್ಚು ಹೊತ್ತು, ಮನೆ ಸಾಲದ ಕಂತನ್ನೂ ಕಟ್ಟುತ್ತ ಹೋಗುವವರಿಗೆ ಸಾಲದು. ಮಗುವಿನ ಸ್ಕೂಲಿನ ಜವಾಬ್ದಾರಿ ಅಷ್ಟು ದಿನ ಹೆಂಡತಿಯ ಅಥವಾ ಗಂಡನ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ದೇಶ ಯಾವುದು, ವಿಶ್ವವಿದ್ಯಾಲಯದ ಹೆಸರೇನು ಎಂಬುದನ್ನು ಆಮೇಲೆ ನೋಡೋಣ. ಮೊದಲು ಕೇಳಬೇಕಾದದ್ದು, ತರಗತಿ ಮುಗಿದ ಮೇಲೆ ಮಲಗುವವರೆಗೆ ಅಲ್ಲಿನ ವಿದ್ಯಾರ್ಥಿಗಳು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು.

ಊರು ತಾನಾಗಿ ಭಾಷೆ ಕಲಿಸುವುದಿಲ್ಲ ಎಂಬುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹತ್ತು ವರ್ಷ ಬೆಂಗಳೂರಿನಲ್ಲಿದ್ದು ‘ಕನ್ನಡ ಗೊತ್ತಿಲ್ಲ’ ಎಂಬೆರಡು ಪದ ಮಾತ್ರ ಕಲಿತವರನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಚೆನ್ನೈಯಲ್ಲಿ ನಮಗೆ ತಮಿಳು ಬಂದದ್ದು ಮನೆ ಓನರಮ್ಮ, ತರಕಾರಿಯವರು, ಆಟೊದವರು ನಮಗಾಗಿ ಭಾಷೆ ಬದಲಿಸದೆ ಹೋದದ್ದರಿಂದ. ಪುಣೆಯ ಐಟಿ ಪಾರ್ಕಿನಲ್ಲಿ ಹಿಂದಿಯಲ್ಲೇ ದಿನ ಸಾಗಿಸುವ ನನ್ನ ಗೆಳೆಯರಿಗೆ ಮರಾಠಿ ಇನ್ನೂ ಬಂದಿಲ್ಲ.

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿರುವ ಮಿಡಲ್‌ಬರಿ ಕಾಲೇಜು ಇದಕ್ಕೆ ಒಳ್ಳೆಯ ಉದಾಹರಣೆ. ಸಣ್ಣ ಊರು, ಪೇಟೆಯಲ್ಲಿ ಇಂಗ್ಲಿಷ್ ಬಿಟ್ಟರೆ ಬೇರೆ ಮಾತಿಲ್ಲ. ಆದರೂ ಅಲ್ಲಿನ ಬೇಸಿಗೆಯ ಚೀನೀ ಶಾಲೆಗೆ ದೊಡ್ಡ ಹೆಸರು. ಕಾರಣ ಒಂದು ಪ್ರತಿಜ್ಞೆ: ಕೋರ್ಸ್ ಮುಗಿಯುವ ತನಕ ಕಲಿಯುತ್ತಿರುವ ಭಾಷೆ ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ವಿದ್ಯಾರ್ಥಿಗಳು ಸಹಿ ಹಾಕುತ್ತಾರೆ. ಇದಕ್ಕೆ ತದ್ವಿರುದ್ಧ ನನ್ನ ಸಹೋದ್ಯೋಗಿಯ ಅನುಭವ. ನಾಲ್ಕು ವಾರ ಚೀನಾದ ದೊಡ್ಡ ನಗರದಲ್ಲೇ ಇದ್ದು ಬಂದರು. ಹಾಸ್ಟೆಲಿನಲ್ಲಿ ಆರು ಜನ ಭಾರತೀಯರು, ಸಂಜೆಯೆಲ್ಲ ಹಿಂದಿ. ಈಗ ಅವರಿಗೆ ಚಹಾ ತರಿಸಿಕೊಳ್ಳುವಷ್ಟು ಚೀನೀ ಬರುತ್ತದೆ. ಫೋಟೊಗಳು ಮಾತ್ರ ಚೆನ್ನಾಗಿವೆ.

ಲೆಕ್ಕ ಹಾಕಿದರೂ ಇದೇ ಗೊತ್ತಾಗುತ್ತದೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಪ್ರಕಾರ, ಇಂಗ್ಲಿಷ್ ಮಾತೃಭಾಷೆಯವರು ಚೀನೀಯಲ್ಲಿ ಕೆಲಸ ಮಾಡುವ ಮಟ್ಟ ಮುಟ್ಟಲು ಸುಮಾರು 2200 ತರಗತಿ ಗಂಟೆ ಬೇಕು. ವಾರಕ್ಕೆ 15 ಗಂಟೆಯಂತೆ ಎಂಟು ವಾರ ಕೂತರೆ ಆಗುವುದು 120. ಅದೇ ಎಂಟು ವಾರ ದಿನಕ್ಕೆ ಐದು ಗಂಟೆ ಹೊರಗೆ ಚೀನೀಯಲ್ಲೇ ಕಳೆದರೆ 280. ಎರಡು ತಿಂಗಳಲ್ಲಿ ಯಾರೂ ಪಂಡಿತರಾಗುವುದಿಲ್ಲ, ನಿಜ. ಆದರೆ ಬಾಯಿ ಬಿಟ್ಟು ಮಾತಾಡುವ ಧೈರ್ಯ ಬರುವುದು ಈ ಎರಡನೆಯ ಲೆಕ್ಕದಿಂದ.

ಇದೇ ಕಾರಣಕ್ಕೆ, ಏನೂ ಗೊತ್ತಿಲ್ಲದೆ ವಿಮಾನ ಹತ್ತುವುದು ದುಡ್ಡು ದಂಡ. ಮೊದಲ 300 ಪದಗಳನ್ನು, ಅಂದರೆ 2010ರ ಎಚ್‌ಎಸ್‌ಕೆ ಪಠ್ಯಕ್ರಮದ ಎರಡನೇ ಹಂತದಷ್ಟನ್ನು, ಮನೆಯಲ್ಲೇ ವಾರಾಂತ್ಯಗಳಲ್ಲಿ ಕಲಿಯಬಹುದು. ಸ್ವರದ ಏರಿಳಿತವನ್ನು ಮಾತ್ರ ಶಿಕ್ಷಕರ ಮುಂದೆ, ವಿಡಿಯೊದಲ್ಲಾದರೂ ಸರಿ, ತಿದ್ದಿಸಿಕೊಳ್ಳಬೇಕು. ‘ಮಾಯ್’ ಎಂಬುದನ್ನು ಮೂರನೇ ಸ್ವರದಲ್ಲಿ ಹೇಳಿದರೆ ಕೊಳ್ಳುವುದು, ನಾಲ್ಕನೆಯದರಲ್ಲಿ ಮಾರುವುದು. ಸಪ್ಲೈಯರ್ ಜೊತೆ ಮಾತಾಡುವಾಗ ಇದು ಅದಲುಬದಲಾದರೆ ಕಥೆ ಮುಗಿಯಿತು.

ಉಚ್ಚಾರಣೆಯಲ್ಲಿ ನಮಗೊಂದು ಅನುಕೂಲವೂ ಇದೆ. ಇಂಗ್ಲಿಷ್ ಅಕ್ಷರಗಳಲ್ಲಿ ಚೀನೀ ಬರೆಯುವ ಪಿನ್‌ಯಿನ್‌ನಲ್ಲಿ ಬಿ, ಡಿ, ಜಿ ಎಂದಿರುವುದು ನಮ್ಮ ಬ, ದ, ಗ ಅಲ್ಲ. ಅವು ಪ, ತ, ಕಗಳಿಗೆ ಹತ್ತಿರ. ಪಿ, ಟಿ, ಕೆ ಎಂದಿರುವುದು ಫ, ಥ, ಖ. ಫ ಎಂದರೆ ಫಲದ ಫ, ಫೋನಿನದಲ್ಲ. ಬೀಜಿಂಗ್ ನಿಜವಾಗಿ ಪೇಯ್‌ಚಿಂಗ್ ಎಂಬುದಕ್ಕೆ ಹತ್ತಿರ, ತೈಪೆ ಥಾಯ್‌ಪೇಯ್‌ಗೆ. ಮಾತಿನಲ್ಲಿ ಮಹಾಪ್ರಾಣ ನುಂಗುವವರೂ ಶಾಲೆಯಲ್ಲಿ ಅದನ್ನು ತಿದ್ದಿದ್ದೇವೆ. ಪದಗಳನ್ನು ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ, ಇಂಗ್ಲಿಷ್ ಅಕ್ಷರ ದಾರಿ ತಪ್ಪಿಸುತ್ತದೆ.

ಇನ್ನು ದೇಶದ ಆಯ್ಕೆ. ಇದು ನಿಮ್ಮ ಕೆಲಸ ಯಾರೊಡನೆ ಎಂಬುದರ ಮೇಲೆ ನಿಂತಿದೆ. ಚೀನಾದಲ್ಲಿ 1956ರಿಂದ ಸರಳಗೊಳಿಸಿದ ಲಿಪಿ ನಡೆಯುತ್ತಿದೆ, ತೈವಾನಿನಲ್ಲಿ ಹಳೆಯ ಪೂರ್ಣ ರೂಪ. ಶೆನ್‌ಝೆನ್ ಕಾರ್ಖಾನೆಯ ದಾಖಲೆ ಓದಬೇಕಾದವರು ಮೊದಲನೆಯದನ್ನು, ತೈವಾನಿನ ಕಂಪನಿಗಳೊಡನೆ ಇರುವವರು ಎರಡನೆಯದನ್ನು ಕಲಿಯುವುದು ಸರಿ. ಉಚ್ಚಾರಣೆಯ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೀಜಿಂಗಿನವರು ಪದದ ಕೊನೆಗೆ ‘ರ್’ ಎಳೆಯುತ್ತಾರೆ, ತೈವಾನಿನ ಬಹಳ ಮಂದಿ ಶಂಕರನನ್ನು ಸಂಕರ ಎಂದ ಹಾಗೆ ನುಡಿಯುತ್ತಾರೆ. ಎರಡೂ ಕಡೆ ಅರ್ಥವಾಗುತ್ತದೆ. ಹಾಂಗ್‌ಕಾಂಗ್ ಬೇಡ, ಬೀದಿಯ ಮಾತು ಕ್ಯಾಂಟನೀಸ್. ಸಿಂಗಪುರವೂ ಬೇಡ, ನಮ್ಮ ಮುಖ ನೋಡಿದೊಡನೆ ಇಂಗ್ಲಿಷಿಗೆ ತಿರುಗುತ್ತಾರೆ.

ಸಸ್ಯಾಹಾರಿಗಳಿಗೆ ತೈವಾನ್ ಸುಲಭ. ಬೌದ್ಧ ಸಂಪ್ರದಾಯದ ಹೋಟೆಲುಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ನಮ್ಮ ಮಠದ ಊಟದ ಹಾಗೆ. ಎಷ್ಟೋ ಕಡೆ ತಟ್ಟೆ ತುಂಬಿಸಿಕೊಂಡು ತೂಕಕ್ಕೆ ದುಡ್ಡು ಕೊಡುವ ಪದ್ಧತಿ. ನಮ್ಮ ಮನೆಯಲ್ಲಿ ಅಮ್ಮನನ್ನು ಒಪ್ಪಿಸಿದ್ದು ಈ ಒಂದು ವಿಷಯ.

‘ಸಂಸ್ಕೃತಿ’ ಎಂದು ವೇಳಾಪಟ್ಟಿಯಲ್ಲಿ ಬರೆದಿರುವುದನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಕ್ಯಾಲಿಗ್ರಫಿ, ಕಾಗದ ಕತ್ತರಿಸುವ ಕಲೆ, ಚಹಾ ಮಾಡುವ ಕ್ರಮ, ಎಲ್ಲವೂ ಒಳ್ಳೆಯದೇ. ಆದರೆ ಗೈಡ್ ಇಂಗ್ಲಿಷಿನಲ್ಲಿ ವಿವರಿಸಿದರೆ ಅದು ಪ್ರವಾಸ. ಕಲಿಸುವ ಮೇಷ್ಟ್ರು ಕುಂಚ ಹೇಗೆ ಹಿಡಿಯಬೇಕೆಂದು ಚೀನೀಯಲ್ಲೇ ಹೇಳಿ, ನೀವು ತಪ್ಪಾಗಿ ಕೇಳಿಸಿಕೊಂಡು ತಪ್ಪಾಗಿ ಹಿಡಿದು, ಅವರು ಮತ್ತೆ ಹೇಳಿದರೆ ಅದು ಪಾಠ. ಅದಕ್ಕಾಗಿ ನಾನು ಎಷ್ಟು ಬೇಕಾದರೂ ಡಂಪ್ಲಿಂಗ್ ಮಡಿಸಲು ತಯಾರು.

ತರಗತಿಯ ಗಾತ್ರವನ್ನೂ ಕೇಳಿ. ತೈಪೆಯ ನ್ಯಾಷನಲ್ ತೈವಾನ್ ಯೂನಿವರ್ಸಿಟಿಯ ಐಸಿಎಲ್‌ಪಿ ಹೆಸರು ಮಾಡಿದ್ದೇ ನಾಲ್ಕು ಮಂದಿಯೊಳಗಿನ ತರಗತಿ ಮತ್ತು ಒಬ್ಬ ಶಿಕ್ಷಕ-ಒಬ್ಬ ವಿದ್ಯಾರ್ಥಿಯ ಪಾಠಕ್ಕೆ. ಇಪ್ಪತ್ತು ಜನರ ನಡುವೆ ನಿಮ್ಮ ಬಾಯಿ ತೆರೆಯುವ ಸರದಿ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಯೋಚಿಸಿ. ನಾಲ್ಕೇ ವಾರ ರಜೆ ಸಿಗುವವರು ಗುಂಪಿನ ತರಗತಿ ಬಿಟ್ಟು ಒಬ್ಬರಿಗೇ ಹೇಳಿಕೊಡುವ ಪಾಠಕ್ಕೆ ಹಣ ಹಾಕುವುದು ಮೇಲು. ಚೀನಾದಲ್ಲಿ 180 ದಿನದೊಳಗಿನ ಓದಿಗೆ ಎಕ್ಸ್2 ವೀಸಾ ಇದೆ. 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನಗಳೂ 2025ರ ಅಕ್ಟೋಬರಿನಿಂದ ಮತ್ತೆ ಶುರುವಾಗಿವೆ. ತೈವಾನ್ ಸರ್ಕಾರದ ಹುವಾಯು ವಿದ್ಯಾರ್ಥಿವೇತನ ಬೇಸಿಗೆಯ ಎರಡು ತಿಂಗಳಿಗೂ ಸಿಗುತ್ತದೆ, ದೆಹಲಿ, ಚೆನ್ನೈ, ಮುಂಬೈಗಳಲ್ಲಿ ಅವರ ಕಚೇರಿಗಳಿವೆ. ಚಳಿಗಾಲದಲ್ಲೇ ಕಾಗದಪತ್ರ ಹೊಂದಿಸಿಕೊಳ್ಳಿ.

ನಾನು ಎರಡು ಕಡೆಗೆ ಆ ಒಂದೇ ಪ್ರಶ್ನೆಯನ್ನು ಮೇಲ್ ಮಾಡಿ ಕೇಳಿದೆ. ಒಂದು ಕಡೆಯವರು ಪ್ರವಾಸದ ಪಟ್ಟಿಯನ್ನೇ ಮತ್ತೊಮ್ಮೆ ಕಳಿಸಿದರು. ಇನ್ನೊಂದು ಕಡೆಯವರು, ಮೊದಲ ವಾರ ಕಳೆದ ಮೇಲೆ ಆಫೀಸಿನ ಸಿಬ್ಬಂದಿಯೂ ಇಂಗ್ಲಿಷಿನಲ್ಲಿ ಉತ್ತರ ಕೊಡುವುದಿಲ್ಲ, ಅದಕ್ಕೆ ಸಿದ್ಧರಿದ್ದೀರಾ ಎಂದು ತಿರುಗಿ ಕೇಳಿದರು. ಅಲ್ಲಿಗೆ ಅರ್ಜಿ ಹಾಕಿದ್ದೇನೆ. ರಜೆ ಮಂಜೂರಾಗುವುದು ಬಾಕಿ.