ಹೊಲಿಗೆ ಮೆಷಿನ್ ಕೊಟ್ಟಿರಿ, ಸ್ಕ್ರೂಡ್ರೈವರ್ ಹಿಡಿಯೋದು ಯಾರು ಕಲಿಸ್ತಾರೆ?

ಉಚಿತ ಹೊಲಿಗೆ ಯಂತ್ರ ವಿತರಣೆ ಅಂತ ಪೇಪರಿನಲ್ಲಿ ಫೋಟೋ ಬರುತ್ತಲ್ಲ, ಗಮನಿಸಿದ್ದೀರಾ? ಸಾಲಾಗಿ ಮೆಷಿನ್‌ಗಳು, ಹಿಂದೆ ಹೆಂಗಸರು, ಮುಂದೆ ಹಾರ ಹಾಕಿಕೊಂಡ ಗಣ್ಯರು. ಅಂಥದೇ ಒಂದು ಮೆಷಿನ್ ವರ್ಷ ತುಂಬೋದರೊಳಗೆ ಟಿವಿ ಸ್ಟ್ಯಾಂಡ್ ಆಗಿದ್ದನ್ನು ನಮ್ಮ ವಕ್ಕಲೇರಿ ಕಡೆ ನೋಡಿದ್ದೇನೆ. ಕೇಳಿದರೆ "ಕೆಟ್ಟೋಗೈತೆ" ಅಂದರು.

ಕೆಟ್ಟಿರಲಿಲ್ಲ ಸ್ವಾಮಿ! ಬಟ್ಟೆಯ ಕೆಳಗೆ ದಾರ ಗಂಟು ಗಂಟಾಗಿ ಸುತ್ತಿಕೊಳ್ಳುತ್ತಿತ್ತು, ಅಷ್ಟೇ. ಗಂಟು ಕೆಳಗೆ ಕಾಣುತ್ತೆ ಅಂತ ಎಲ್ಲರೂ ಬಾಬಿನ್ ಮೇಲೆ ಗುಮಾನಿ ಪಡ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆ ಒತ್ತುವ ಪಾದ ಕೆಳಗಿದ್ದಾಗ ಟೆನ್ಶನ್ ಬಿಲ್ಲೆಗಳು ಬಿಗಿಯಾಗಿ ಮುಚ್ಚಿಕೊಂಡಿರುತ್ತವೆ. ಆಗ ಪೋಣಿಸಿದರೆ ದಾರ ಅವುಗಳ ನಡುವೆ ಕೂರೋದೇ ಇಲ್ಲ. ಪಾದ ಎತ್ತಿ, ದಾರ ಪೂರ್ತಿ ತೆಗೆದು, ಮತ್ತೆ ಮೊದಲಿಂದ ಪೋಣಿಸಿ. ಕಂಪ್ಯೂಟರ್ ಹ್ಯಾಂಗ್ ಆದರೆ ರೀಸ್ಟಾರ್ಟ್ ಮಾಡ್ತೀವಲ್ಲ, ಹಾಗೆ.

ಹೊಲಿಗೆ ಬಿಟ್ಟು ಬಿಟ್ಟು ಬೀಳ್ತಿದ್ದರೆ, ದಾರ ಪದೇ ಪದೇ ಕಡಿದರೆ ಮೊದಲು ಸೂಜಿ ಬದಲಾಯಿಸಿ. ಸೂಜಿಯ ಉದ್ದ ಗೀರು ದಾರ ಒಳಹೋಗುವ ಕಡೆಗೇ ಇರಬೇಕು, ಸೂಜಿ ಪೂರ್ತಿ ಮೇಲಕ್ಕೆ ತಾಗಿ ಕೂತಿರಬೇಕು. ಮಾಮೂಲಿ ಹತ್ತಿ ಬಟ್ಟೆಗೆ 14 ಅಥವಾ 16, ತೆಳು ರೇಷ್ಮೆಗೆ 11, ಜೀನ್ಸ್‌ಗೆ 18. ಚಕ್ರ ತಿರುಗಿದರೂ ಸೂಜಿ ಅಲ್ಲಾಡದಿದ್ದರೆ ಬಾಬಿನ್ ಸುತ್ತುವಾಗ ಸಡಿಲಿಸಿದ ಚಕ್ರದ ನಡುವಿನ ತಿರುಪು ಹಾಗೇ ಉಳಿದಿದೆ ಅಂತ ಅರ್ಥ. ಇನ್ನು ಕೊಬ್ಬರಿ ಎಣ್ಣೆ ಬಿಡೋ ಮಹಾನುಭಾವರಿದ್ದಾರೆ! ಅದು ಒಣಗಿ ಅಂಟಾಗುತ್ತೆ, ಮೆಷಿನ್ ಎಣ್ಣೆಯೇ ಆಗಬೇಕು.

ಇಷ್ಟು ಗೊತ್ತಿಲ್ಲದೆ ನನ್ನ ಚಿಕ್ಕಮ್ಮ ಹತ್ತು ಕೆಜಿಗೂ ಮೇಲಿನ ಕಬ್ಬಿಣದ ಮೆಷಿನ್ ತಲೆಯನ್ನು ಬಸ್ಸಿನಲ್ಲಿ ಕೋಲಾರಕ್ಕೆ ಹೊತ್ತುಕೊಂಡು ಹೋದರು. ಅಲ್ಲಿ ಆತ ಹೊಸ ಸೂಜಿ ಹಾಕಿ ಮುನ್ನೂರು ರೂಪಾಯಿ ತಗೊಂಡ. ಅವರ ಎರಡು ಬ್ಲೌಸಿನ ಕೂಲಿ ಅದು.

ಹೊಲಿಗೆ ತರಬೇತಿ ಕೊಡುವ ಒಬ್ಬರನ್ನು ಕೇಳಿದೆ, ಇದನ್ನೂ ಯಾಕೆ ಕಲಿಸಬಾರದು ಅಂತ. "ಅದು ಮೆಕ್ಯಾನಿಕ್ ಕೆಲಸ ಸಾರ್, ಹೆಂಗಸರು ಬಿಚ್ಚಿದರೆ ಇನ್ನೂ ಹಾಳು" ಅಂದರು. ಹೌದಾ? ಟೊಮೇಟೊ ತೋಟದ ಡ್ರಿಪ್ ಪೈಪಿಗೆ ಕಸ ಸಿಕ್ಕಿಕೊಂಡರೆ ಬಿಚ್ಚಿ ತೊಳೆದು ಹಾಕೋರು ಯಾರು? ಕುಕ್ಕರ್ ವಾಲ್ವ್, ಗ್ಯಾಸ್ ಬರ್ನರ್ ಬಿಚ್ಚೋರು ಯಾರು? ಶಟಲ್ ಸವೆದರೆ, ಟೈಮಿಂಗ್ ತಪ್ಪಿದರೆ ಮೆಕ್ಯಾನಿಕ್ ಬೇಕೇ ಬೇಕು, ಒಪ್ಪಿದೆ. ದಾರ ಪೋಣಿಸೋಕೂ ಬೇಕಾ?

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದ್ದಾನೆ. ತರಬೇತಿ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಒಳ್ಳೇದೇ. ಆದರೆ ಯಾವ ಯೋಜನೆಯ ಮೆಷಿನ್ ಆಗಲಿ, ಕೈಗೆ ಕೊಡೋ ಮುಂಚೆ ಆ ಹೆಣ್ಣುಮಗಳಿಂದಲೇ ಒಮ್ಮೆ ಬಾಬಿನ್ ಕೇಸ್ ಬಿಚ್ಚಿಸಿ, ಹಲ್ಲುಗಳ ನಡುವಿನ ಹಿಂಜು ತೆಗೆಸಿ, ಎಣ್ಣೆ ಬಿಡಿಸಿ, ಸೂಜಿ ಹಾಕಿಸಿ. ಅರ್ಧ ದಿನದ ಕೆಲಸ.

ಅಥವಾ ಹಾರ ಹಾಕಿಸಿಕೊಂಡ ಗಣ್ಯರೇ ಫೋಟೋ ಮುಗಿದ ಮೇಲೆ ಒಂದು ಮೆಷಿನ್‌ಗೆ ದಾರ ಪೋಣಿಸಿ ತೋರಿಸಲಿ. ಪಾದ ಎತ್ತುತ್ತಾರೋ ಇಲ್ಲವೋ, ನೋಡೋಣ.