ಊರೂರು ಸುತ್ತಿ: ಅಲ್ಬೇನಿಯದ ಕಲ್ಲು ಚಾವಣಿಗಳು

ಯುರೋಪು ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಲಂಡನ್, ಪ್ಯಾರಿಸ್, ತಪ್ಪಿದರೆ ಸ್ವಿಟ್ಸರ್ಲೆಂಡಿನ ಹಿಮ. ಈ ಸಲ ವಾಚಕರನ್ನು ಅಲ್ಬೇನಿಯಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಗ್ರೀಸಿನ ಮಗ್ಗುಲಲ್ಲಿ, ಸಮುದ್ರದಾಚೆಯ ಇಟಲಿಗೆ ಮುಖ ಮಾಡಿ ಕುಳಿತಿರುವ ಗುಡ್ಡಗಾಡಿನ ಚಿಕ್ಕ ದೇಶವದು. 2011ರ ಜನಗಣತಿಯಲ್ಲಿ ಅಲ್ಲಿ ಸುಮಾರು 28 ಲಕ್ಷ ಜನರಿದ್ದರು. 2023ರ ಗಣತಿಯಲ್ಲಿ ಉಳಿದವರು ಸುಮಾರು 24 ಲಕ್ಷ. ಹುಟ್ಟುವ ಮಕ್ಕಳು ಕಡಿಮೆಯಾದದ್ದೂ ಒಂದು ಕಾರಣವೇ. ಆದರೆ ದೊಡ್ಡ ಕಾರಣವೆಂದರೆ, ನಮ್ಮ ನಿಮ್ಮ ಹಾಗೆ, ಜನ ಹೊಟ್ಟೆಪಾಡಿಗಾಗಿ ಊರು ಬಿಟ್ಟದ್ದು. ಅದರಿಂದಲೋ ಏನೋ, ಅಲ್ಲಿ ತಿರುಗಾಡುವಾಗ ನನಗೆ ಪರದೇಶದಲ್ಲಿದ್ದೇನೆಂಬ ಭಾವನೆ ಅಷ್ಟಾಗಿ ಬರಲಿಲ್ಲ.

ಇಟಲಿಯ ಬಾರಿ ಬಂದರಿನಲ್ಲಿ ರಾತ್ರಿ ಹಡಗು ಹತ್ತಿದರೆ ಬೆಳಗಾಗುವ ಹೊತ್ತಿಗೆ ಅಲ್ಬೇನಿಯದ ದುರೆಸ್. ನಾವು ದಂಪತಿಗಳು ಹಾಯಾಗಿ ಮಲಗಿ ದಾಟಿದ ಈ ನೀರನ್ನೇ 1991ರ ಆಗಸ್ಟಿನಲ್ಲಿ ‘ವ್ಲೋರಾ’ ಎಂಬ ಸರಕು ಹಡಗು ಎದುರು ದಿಕ್ಕಿನಲ್ಲಿ ದಾಟಿತ್ತು. ಕ್ಯೂಬಾದಿಂದ ಸಕ್ಕರೆ ತಂದು ದುರೆಸಿನಲ್ಲಿ ನಿಂತಿದ್ದ ಆ ಹಡಗನ್ನು ಸುಮಾರು 20,000 ಜನ ಏರಿ, ಇಟಲಿಗೆ ನಡೆಸು ಎಂದು ಕಪ್ತಾನನ ಬೆನ್ನು ಬಿದ್ದರು. ಹಗ್ಗ ಏಣಿಗಳಿಗೆಲ್ಲ ಜನ ಜೋತುಬಿದ್ದ ಆ ಚಿತ್ರವನ್ನು ಕೆಲವರು ಪತ್ರಿಕೆಗಳಲ್ಲಿ ನೋಡಿರಬಹುದು. ಬಾರಿಯಲ್ಲಿ ಅವರನ್ನು ಆಟದ ಮೈದಾನದಲ್ಲಿ ಕೂಡಿಹಾಕಿ, ಬಹುಪಾಲು ಮಂದಿಯನ್ನು ಹಿಂದಕ್ಕೆ ಕಳುಹಿಸಲಾಯಿತು.

ಅವರು ಹಾಗೆ ಓಡಿದ್ದೇಕೆ ಎಂದರೆ, ಅದಕ್ಕೆ ಮುಂಚೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಯಾರೂ ದೇಶ ಬಿಡುವಂತಿರಲಿಲ್ಲ. 1944ರಲ್ಲಿ ಅಧಿಕಾರ ಹಿಡಿದ ಎನ್ವರ್ ಹೋಜಾ 1985ರಲ್ಲಿ ಸಾಯುವವರೆಗೂ ಬಿಗಿ ಸಡಿಲಿಸಲಿಲ್ಲ. 1967ರಲ್ಲಿ ಮಸೀದಿ, ಚರ್ಚುಗಳಿಗೆಲ್ಲ ಬೀಗ ಬಿತ್ತು. ಶತ್ರುಗಳು ಬಂದಾರೆಂದು ಲಕ್ಷಕ್ಕೂ ಮಿಕ್ಕಿ ಕಾಂಕ್ರೀಟಿನ ಬಂಕರುಗಳನ್ನು ಕಟ್ಟಿಸಿದ. ಕವುಚಿಟ್ಟ ಬಾಣಲೆಗಳಂತೆ ಅವು ಇಂದಿಗೂ ಹೊಲಗದ್ದೆಗಳಲ್ಲಿ ಕಾಣುತ್ತವೆ. ಶತ್ರುಗಳಂತೂ ಬರಲಿಲ್ಲ, ಬಾಗಿಲು ತೆರೆದೊಡನೆ ಮನೆಯವರೇ ಹೊರಟರು. ನಮ್ಮ ಕಲ್ಕತ್ತೆಯ ಮದರ್ ತೆರೇಸಾ ಹುಟ್ಟಿದ್ದು ಸ್ಕೋಪ್ಯೆಯ ಅಲ್ಬೇನಿಯನ್ ಮನೆತನದಲ್ಲಿ. 1928ರಲ್ಲಿ, 18ನೆಯ ವಯಸ್ಸಿನಲ್ಲಿ, ಮನೆ ಬಿಟ್ಟ ಮಗಳು ಹೆತ್ತ ತಾಯಿಯನ್ನು ಮತ್ತೆ ಕಾಣಲೇ ಇಲ್ಲ. ತಾಯಿ 1972ರಲ್ಲಿ ಟಿರಾನಾದಲ್ಲಿ ತೀರಿಕೊಂಡರು. ಮಗಳು ಆ ದೇಶದಲ್ಲಿ ಕಾಲಿಟ್ಟದ್ದು 1989ರಲ್ಲಿ. ಈಗ ಅಲ್ಲಿಯ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರಿದೆ.

ದುರೆಸಿನಲ್ಲಿ ಎರಡನೆಯ ಶತಮಾನದ ರೋಮನ್ ಬಯಲು ರಂಗಮಂದಿರವಿದೆ. ಮನೆಗಳ ಅಡಿಯಲ್ಲಿ ಹುದುಗಿದ್ದ ಅದು 1966ರಲ್ಲಿ ಬೆಳಕಿಗೆ ಬಂತು. ಒಂದು ಗಂಟೆ ಸಾಕು. ಅಲ್ಲಿಂದ ಮುಂದೆ ರೈಲಿನ ಆಸೆ ಬೇಡ. ಬಸ್ಸು, ಇಲ್ಲವೆ ‘ಫುರ್ಗೋನ್’ ಎಂಬ ವ್ಯಾನು. ಸೀಟು ತುಂಬಿದರೆ ಹೊರಟಿತು, ಇಲ್ಲವಾದರೆ ಇಲ್ಲ. ನಮ್ಮ ಕಡೆಯ ಟೆಂಪೋ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಇನ್ನೊಂದು ತಮಾಷೆ: ಹಳೆಯ ಕಾಲದ ಅಲ್ಬೇನಿಯನ್ನರು ‘ಹೌದು’ ಎನ್ನಲು ತಲೆಯನ್ನು ಅತ್ತಿತ್ತ ಅಲ್ಲಾಡಿಸುತ್ತಾರೆ. ಇಂಗ್ಲಿಷರೂ ಜರ್ಮನರೂ ಇದರಿಂದ ತಬ್ಬಿಬ್ಬಾಗುತ್ತಾರಂತೆ, ನಮಗೇನೂ ತೊಂದರೆಯಾಗಲಿಲ್ಲ.

ಬೆರಾತ್ ಊರು ಓಸುಮ್ ನದಿಯ ಎರಡೂ ದಂಡೆಗಳಲ್ಲಿ ಗುಡ್ಡಕ್ಕೆ ಆತುಕೊಂಡಿದೆ. ಒಂದು ದಂಡೆಯಲ್ಲಿ ಮುಸಲ್ಮಾನರ ಕೇರಿ, ಇನ್ನೊಂದರಲ್ಲಿ ಕ್ರೈಸ್ತರದು, ನಡುವೆ ಕಲ್ಲಿನ ಸೇತುವೆ. ಬಿಳಿ ಗೋಡೆಯ ಮನೆಗಳು ಒಂದರ ತಲೆಯ ಮೇಲೊಂದು. ಎಲ್ಲಿ ನೋಡಿದರೂ ಸಾಲು ಸಾಲು ಕಿಟಕಿಗಳು. ಮೇಲಿನ ಕೋಟೆಯೊಳಗೆ ಈಗಲೂ ಸಂಸಾರಗಳಿವೆ. ಒಗೆದ ಬಟ್ಟೆ ಒಣಗುತ್ತಿರುತ್ತದೆ, ಮುದುಕಿಯರು ಬಾಗಿಲಲ್ಲಿ ಕುಳಿತು ತಾವು ಹೆಣೆದ ಕಸೂತಿ ಮಾರುತ್ತಾರೆ. ಅಲ್ಲಿಯ ಹಳೆಯ ಚರ್ಚಿನಲ್ಲಿ 16ನೆಯ ಶತಮಾನದ ಚಿತ್ರಕಾರ ಓನುಫ್ರಿಯ ಹೆಸರಿನ ವಸ್ತುಸಂಗ್ರಹಾಲಯವಿದೆ. ಅವನ ಕೆಂಪು ಬಣ್ಣವನ್ನು ನೋಡಿಯೇ ತಿಳಿಯಬೇಕು.

ಆದರೆ ನನ್ನ ಮನಸ್ಸು ನಿಂತದ್ದು ಜಿರೊಕಾಸ್ಟರಿನಲ್ಲಿ. ಇಲ್ಲಿ ಗೋಡೆ ಕಲ್ಲು, ಬೀದಿ ಕಲ್ಲು, ಚಾವಣಿಗೂ ಹೆಂಚಿನ ಬದಲು ಕಲ್ಲಿನ ಚಪ್ಪಡಿ. ಹೋಜಾ 1908ರಲ್ಲಿ ಹುಟ್ಟಿದ್ದೂ, ಕಾದಂಬರಿಕಾರ ಇಸ್ಮಾಯಿಲ್ ಕಾದರೆ 1936ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ. ಒಬ್ಬ ಜನರನ್ನು ಒಳಗೆ ಕೂಡಿಹಾಕಿದ. ಇನ್ನೊಬ್ಬರು 1990ರಲ್ಲಿ ಪ್ಯಾರಿಸಿಗೆ ಹೋಗಿ ಆಶ್ರಯ ಬೇಡಿದರು. ಕಾದರೆ 2024ರಲ್ಲಿ ನಿಧನರಾದರು. ಅವರ ಮನೆ ಈಗ ವಸ್ತುಸಂಗ್ರಹಾಲಯ.

1812ರ ಸುಮಾರಿಗೆ ಕಟ್ಟಿದ ಜೆಕಾತೆ ಮನೆಯನ್ನು ಯಾರೂ ನೋಡದೆ ಬರಬಾರದು. ಕೆಳಗೆ ಮಳೆ ನೀರಿನ ತೊಟ್ಟಿ, ಮೇಲೆ ಚಳಿಗಾಲದ ಕೋಣೆಗಳು, ಎಲ್ಲಕ್ಕೂ ಮೇಲೆ ಅತಿಥಿಗಳ ಕೋಣೆ. ಮನೆಯಲ್ಲೆಲ್ಲ ಅತ್ಯಂತ ಚೆಂದದ ಕೋಣೆ ಅದು: ಕೆತ್ತನೆಯ ಮರದ ಮಾಳಿಗೆ, ಹೂಬಳ್ಳಿ ಬರೆದ ಅಗ್ಗಿಷ್ಟಿಕೆ. ಮನೆಯವರು ಹೇಗಾದರೂ ಇರಲಿ, ಬಂದವರಿಗೆ ಕೊರತೆಯಾಗಬಾರದು ಎಂಬುದು ಆ ನಾಡಿನ ಹಳೆಯ ಕಟ್ಟಳೆ. ಎರಡನೆಯ ಮಹಾಯುದ್ಧದಲ್ಲಿ ಓಡಿಬಂದ ಯೆಹೂದ್ಯರನ್ನು ಅಲ್ಬೇನಿಯನ್ನರು ಇದೇ ಕಟ್ಟಳೆಯಿಂದ ಮನೆಗಳಲ್ಲಿ ಬಚ್ಚಿಟ್ಟು ಉಳಿಸಿದರು. ಯುದ್ಧ ಮುಗಿದಾಗ ಅಲ್ಲಿ ಯೆಹೂದ್ಯರ ಸಂಖ್ಯೆ ಮೊದಲಿಗಿಂತ ಹೆಚ್ಚಾಗಿತ್ತು.

ನಾವು ಇಳಿದುಕೊಂಡ ಮನೆಯಾಕೆ ಕೊಟ್ಟ ಪಾಲಕ್ಕಿನ ‘ಬ್ಯುರೆಕ್’ ಮತ್ತು ಉಪ್ಪು ಹಾಕಿದ ಮಜ್ಜಿಗೆ ನಮ್ಮ ಶಾಕಾಹಾರದ ಚಿಂತೆಯನ್ನು ಪರಿಹರಿಸಿದವು. ಮಜ್ಜಿಗೆಗೆ ಅವರು ‘ಧಾಲ್’ ಎನ್ನುತ್ತಾರೆ. ಬೇಳೆ ಬರುತ್ತದೆಂದು ಯಾರೂ ಕಾಯಬೇಡಿ. ಆಕೆಯ ಅಣ್ಣಂದಿರಿಬ್ಬರು ಅಥೆನ್ಸಿನಲ್ಲಿ, ತಂಗಿ ಇಟಲಿಯಲ್ಲಿ. ಪಕ್ಕದ ಮನೆಯ ಚಾವಣಿ ನಡುವೆ ಕುಸಿದಿತ್ತು. ಕಲ್ಲು ಚಾವಣಿಯ ರೋಗವೇ ಅದು. ಒಂದು ಚಪ್ಪಡಿ ಜಾರಿದಾಗ ಕೂಡಲೇ ಯಾರಾದರೂ ಹತ್ತಿ ಸರಿಪಡಿಸಬೇಕು; ಇಲ್ಲದಿದ್ದರೆ ನೀರಿಳಿದು ತೊಲೆ ಕೊಳೆಯುತ್ತದೆ, ಅಷ್ಟು ಭಾರವನ್ನು ಹೊರಲಾರದೆ ಒಂದು ಚಳಿಗಾಲದಲ್ಲಿ ಎಲ್ಲವೂ ಕೆಳಗೆ ಬರುತ್ತದೆ. ಯುನೆಸ್ಕೊ 2005ರಲ್ಲಿ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಸಂತೋಷ. ಆದರೆ ಪಟ್ಟಿ ಚಾವಣಿ ಹತ್ತುವುದಿಲ್ಲ. “ರಿಪೇರಿ ಯಾಕೆ ಮಾಡಿಸುವುದಿಲ್ಲ?” ಎಂದು ನನ್ನ ಮನೆಯವಳು ಕೇಳಿದಳು. “ವಾರಸುದಾರರು ಏಳು ಮಂದಿ. ಏಳೂ ಸಹಿ ಆಗಬೇಕಲ್ಲ, ತಾಯಿ!” ಎಂದಳಾಕೆ. ಮಾರೋಣವೆಂದರೆ ಒಬ್ಬ ಬೇಡವೆನ್ನುತ್ತಾನೆ, ಇರೋಣವೆಂದರೆ ಯಾರೂ ಬರುವುದಿಲ್ಲ. “ಥೇಟ್ ನಮ್ಮ ಸಿದ್ದಾಪುರದ ಮನೆ!” ಎಂದು ಇವಳು ನನ್ನ ಮುಖ ನೋಡಿದಳು. ನಾನು ಮಜ್ಜಿಗೆ ಕುಡಿಯುತ್ತಿದ್ದೆ.

ಅಲ್ಲಿಂದ ಘಟ್ಟ ಇಳಿದರೆ ಸರಾಂಡಾ, ಸಮುದ್ರತೀರ. ಸರಾಂಡಾ ನನಗೆ ಹಿಡಿಸಲಿಲ್ಲ. ಬಹುಮಹಡಿ ಹೋಟೆಲುಗಳು ಗುಡ್ಡವನ್ನೇ ಮುಚ್ಚಿಬಿಟ್ಟಿವೆ. ತುಸು ದಕ್ಷಿಣಕ್ಕೆ, ಕ್ಸಾಮಿಲಿನ ಕಡೆ, ನೀರಿನ ಬಣ್ಣ ನವಿಲುಗರಿಯದು. ಅಲ್ಲಿ ಗ್ರೀಸಿನ ಕೊರ್ಫು ದ್ವೀಪ ಎರಡು ಮೂರು ಕಿಲೋಮೀಟರು ದೂರ, ಅಷ್ಟೆ. ಹೋಜಾನ ಕಾಲದಲ್ಲಿ ಇರುಳು ಈಜಿ ಪಾರಾಗಲು ಹೊರಟವರುಂಟು. ಕಾವಲುಗಾರರ ಗುಂಡಿಗೆ ಬಿದ್ದವರೂ ಉಂಟು. ಈಗ ಅದೇ ನೀರಿನಲ್ಲಿ ಮಕ್ಕಳು ರಬ್ಬರಿನ ಬಾತುಕೋಳಿ ಹಿಡಿದು ತೇಲುತ್ತಿರುತ್ತವೆ.

ಅದೇ ರಸ್ತೆಯ ಕೊನೆಗೆ, ಸರೋವರಕ್ಕೂ ಕಡಲಿಗೂ ನಡುವಿನ ಕಾಡಿನಲ್ಲಿ, ಬುಟ್ರಿಂಟ್. ಗ್ರೀಕರ, ರೋಮನರ, ಬೈಜಾಂಟೈನರ, ವೆನಿಸ್ಸಿನವರ ಕಟ್ಟಡಗಳು ಒಂದೇ ದಿಬ್ಬದ ಮೇಲಿವೆ. 1928ರಲ್ಲಿ ಇಟಲಿಯ ಉಗೋಲಿನಿ ಅಗೆತ ಪ್ರಾರಂಭಿಸಿದರು. ರಂಗಮಂದಿರದ ಮೆಟ್ಟಿಲುಗಳ ಬಳಿ ಆಮೆಗಳು ಬಿಸಿಲು ಕಾಯಿಸುತ್ತಿದ್ದವು. ರೋಮನ್ ಕವಿ ವರ್ಜಿಲನ ‘ಈನೀಡ್’ ಕಾವ್ಯದ ಮೂರನೆಯ ಸರ್ಗದಲ್ಲಿ ಈ ಊರು ಬರುತ್ತದೆ. ಟ್ರಾಯ್ ಸುಟ್ಟ ಮೇಲೆ ಸೆರೆಯಾಗಿ ಬಂದ ಹೆಲೆನಸ್ ಮತ್ತು ಆಂಡ್ರೊಮಕಿ ಇಲ್ಲಿ ನೆಲೆಸಿ ಪುಟ್ಟದೊಂದು ಟ್ರಾಯ್ ಕಟ್ಟಿಕೊಂಡಿರುತ್ತಾರೆ. ಹೆಬ್ಬಾಗಿಲಿಗೆ ಹಳೆಯ ಹೆಬ್ಬಾಗಿಲಿನ ಹೆಸರು. ಒಂದು ಬತ್ತಿದ ಹಳ್ಳಕ್ಕೆ ತಮ್ಮೂರ ಮಹಾನದಿಯ ಹೆಸರು. ದಾರಿಯಲ್ಲಿ ಬಂದಿಳಿದ ಈನಿಯಸ್ ಆ ಬಾಗಿಲನ್ನು ತಬ್ಬಿಕೊಳ್ಳುತ್ತಾನೆ. ಮಾತುಂಗದ ಒಂದು ಸಭಾಗೃಹದಲ್ಲಿ ‘ಕಾವೇರಿ’ ಎಂದು ಬರೆದ ಫಲಕದಡಿ ಕುಳಿತು ಕಾಫಿ ಕುಡಿದವರು ಇದನ್ನು ಓದಿ ನಗಲಾರರು. ಹೊರಡುವಾಗ ಆಂಡ್ರೊಮಕಿ, ತೀರಿಹೋದ ತನ್ನ ಮಗನ ವಯಸ್ಸಿನವನೇ ಆದ ಈನಿಯಸನ ಹುಡುಗನಿಗೆ, ತಾನೇ ನೇಯ್ದ ಬಟ್ಟೆ ಕೊಟ್ಟು ಕಳುಹಿಸುತ್ತಾಳೆ.

ಬುಟ್ರಿಂಟಿಗೆ ಸರಾಂಡಾದಿಂದ ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಬೇಕು. ಬಿಸಿಲೇರಿದ ಮೇಲೆ ಕೊರ್ಫುವಿನ ಕಡೆಯಿಂದ ಪ್ರವಾಸಿಗರ ಗುಂಪುಗಳು ಬಂದಿಳಿಯುತ್ತವೆ. ಮೇ ಇಲ್ಲವೆ ಸೆಪ್ಟೆಂಬರ್ ಒಳ್ಳೆಯ ಕಾಲ.